ಕೋಳಿ ಕಿವಿಯ ಅಕ್ಕೋರು

ಅಂಗಡಿಯ ಮೆಟ್ಟಿಲು ಹತ್ತುವ ಮೊದಲು ಅಕ್ಕೋರು ರಸ್ತೆಯ ಕಡೆ ಮುಖ ಮಾಡಿ ನಿಂತು, ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆಯನ್ನು ದಾರದ ಸಮೇತ ಬೆನ್ನಿಗೆ ತಿರುಗಿಸಿಕೊಳ್ಳುತ್ತಿದ್ದರು. ಕರಡಿಗೆಯೊಳಗೆ ಲಿಂಗ. ಅದು ಜಡೆಯ ಕೆಳಗೆ, ಜಂಪರಿನೊಳಗೆ ಸಣ್ಣ ಗಂಟಿನಂತೆ ಉಬ್ಬಿ ಕಾಣುತ್ತಿತ್ತು. ಆಮೇಲೆ ಮೂಗಿಗೆ ಸೆರಗು ಹಿಡಿದು ಒಳಗೆ ಬರುತ್ತಿದ್ದರು. ಕೈಯಲ್ಲಿ ಐಸ್ ತುಂಬಿದ ನೀಲಿ ಡಬ್ಬಿ.

ನನ್ನದು ಹಳೇ ಹುಬ್ಬಳ್ಳಿಯ ಒಂದು ಓಣಿಯಲ್ಲಿ ಕೋಳಿ ಅಂಗಡಿ. ಗಂಡ ಸತ್ತ ಮೇಲೆ ಚೂರಿ ನನ್ನ ಕೈಗೆ ಬಂತು, ಇನ್ನೂ ಬಿಟ್ಟಿಲ್ಲ. ಅಕ್ಕೋರು ಧಾರವಾಡದ ಕಾಲೇಜಿನಲ್ಲಿ ಕಲಿಸುವವರು. ಸಾಲಿಯಾಗಲಿ ಕಾಲೇಜಾಗಲಿ, ಕಲಿಸುವ ಹೆಣ್ಣುಮಕ್ಕಳು ನಮಗೆ ಅಕ್ಕೋರೇ. ನನ್ನ ಮಗಳ ವಯಸ್ಸು. ಮದುವೆ ಆಗಿರಲಿಲ್ಲ. ಕೆಲಗೇರಿ ಕಡೆ ತಾಯಿಯ ಜೊತೆ ಇದ್ದರು. ಮೊಟ್ಟೆಯನ್ನೂ ಮುಟ್ಟದ ಮನೆತನ.

ಮೊದಲ ದಿನ ಬಂದು ನಿಂತಾಗ ನಾನು ದಾರಿ ತಪ್ಪಿ ಬಂದಿದ್ದಾರೆ ಅಂದುಕೊಂಡೆ.

"ತಲಿ ಬೇಕಾಗಿತ್ತರಿ," ಅಂದರು.

"ತಲಿ ಅಷ್ಟ?"

"ತಲಿ ಅಷ್ಟ. ಕೊಯ್ದ ಕೂಡ್ಲೆ ಕೊಡಬೇಕು. ಆರಬಾರ್ದು."

ಕೋಳಿ ತಲೆ ಕೇಳಿಕೊಂಡು ಬರುವವರು ನಾಯಿ ಸಾಕಿದವರು. ಇಲ್ಲವೇ ಮಾಟ ಮಾಡಿಸುವವರು. ಹಣೆಯ ಮೇಲೆ ಮೂರು ಬೆರಳು ವಿಭೂತಿ ನೋಡಿ ನನಗೆ ಎರಡನೆಯದೇ ಹೊಳೆಯಿತು.

"ಮಾಟಾ-ಮಂತ್ರಾ ಮಾಡ್ಸೋರಿಗೆ ನಾ ಕೊಡೂದಿಲ್ಲ. ಮುಂದ ಹೋಗ್ರಿ," ಅಂದೆ.

ಅವರು ಸೆರಗು ತೆಗೆದು ನಕ್ಕರು. "ಯವ್ವಾ, ನಾ ಕಾಲೇಜಿನ್ಯಾಕಿರಿ. ಕೋಳಿ ಕಿವಿ ನೋಡಬೇಕಾಗೇತಿ."

ನಗುತ್ತಿದ್ದ ಹಾಗೆಯೇ ವಾಸನೆ ತಡೆಯದೆ ಹೊರಗೆ ಹೋಗಿ ಗಟಾರದ ಹತ್ತಿರ ವಾಂತಿ ಮಾಡಿಕೊಂಡರು. ಬಾಯಿ ತೊಳೆದುಕೊಂಡು ಮತ್ತೆ ಬಂದು ಡಬ್ಬಿ ಮುಂದೆ ಹಿಡಿದರು. ಆ ಹಟ ನೋಡಿ ಕೊಟ್ಟೆ.

ಧಾರವಾಡದಲ್ಲಿ ಕೋಳಿ ಅಂಗಡಿ ಇಲ್ಲವೇನು, ಇಷ್ಟು ದೂರ ಯಾಕೆ ಬರುತ್ತೀರಿ ಎಂದು ಒಂದು ದಿನ ಕೇಳಿದೆ. "ಅಲ್ಲಿ ನನ್ನ ಗುರ್ತಿನ ಮಂದಿ ಭಾಳ ಅದಾರ ಅವ್ವಾ," ಅಂದರು. ಲಿಂಗದ ವಿಷಯವನ್ನೂ ಕೇಳಿಯೇ ಬಿಟ್ಟೆ.

"ಬೆನ್ನಿಗೆ ಯಾಕ ಹಾಕ್ತೀರಿ? ಕೋಳಿ ನೋಡಿದ್ರ ಅದಕ್ಕ ಸಿಟ್ಟ ಬರತೈತೇನು?"

"ಅದಕ್ಕೇನ ಸಿಟ್ಟಿಲ್ಲರಿ. ನನಗ ಅದರ ಮುಂದ ನಾಚಿಕಿ."

ನನ್ನ ಗಿರಾಕಿಗಳು ಬಿಡುತ್ತಾರೆಯೇ? ಓಣಿಯ ಒಬ್ಬ ಆಟೋದವನು ದಿನಾ ಕಾಲು ಕೆದರುತ್ತಿದ್ದ. "ಅಕ್ಕೋರ, ಹಿಂಗ ಕದ್ದು ಮುಚ್ಚಿ ಎಷ್ಟ ದಿನಾ ತಿಂತೀರಿ? ನಮ್ಮ ಮನೀಗೆ ಬರ್ರಿ, ಕುಂಡ್ರಿಸಿ ಬಡಸ್ತೀವಿ."

"ತಲಿ ತಿನ್ನಾಕಿ ಆಗಿದ್ರ ಮೊದಲ ನಿಂದ ತಿಂತಿದ್ದೆ ತಮ್ಮಾ. ಭಾಳ ಮಾತಾಡತೈತಿ ಅದು."

ಅವನು ಮರುದಿನದಿಂದ ಅವರ ಡಬ್ಬಿಯನ್ನು ತಾನೇ ಬಸ್ ಸ್ಟ್ಯಾಂಡಿನ ತನಕ ಒಯ್ದು ಕೊಡತೊಡಗಿದ.

ಗುರುತಿನವರು ಹುಬ್ಬಳ್ಳಿಯಲ್ಲೂ ಇದ್ದರು. ಯಾರೋ ಹೋಗಿ ತಾಯಿಗೆ ಹೇಳಿದರು. ಒಂದು ದಿನ ಇಳಕಲ್ ಸೀರೆಯ ಹೆಂಗಸೊಬ್ಬರು ರಸ್ತೆಯ ಆಚೆ ಬದಿಗೆ ನಿಂತು ನನ್ನನ್ನು ಕೈ ಮಾಡಿ ಕರೆದರು. ಈಚೆ ಬರಲೊಲ್ಲರು. ನಾನೇ ಹೋದೆ.

"ನನ್ನ ಮಗಳು ನಿಮ್ಮ ಅಂಗಡ್ಯಾಗಿಂದ ಏನ ಒಯ್ತಾಳ?"

"ತಲಿ ಒಯ್ತಾರ್ರಿ."

"ತಿಂತಾಳೇನು?"

"ತಿನ್ನಾಕಿ ಆಗಿದ್ರ ಕಾಲ ಒಯ್ತಿದ್ರು. ಕಿವಿ ನೋಡ್ತಾರಂತ್ರಿ."

"ಕೋಳೀಗೆ ಕಿವಿ ಎಲ್ಲಿಂದ ಬಂತು?"

ಜಾಳಿಗೆಯಿಂದ ಒಂದು ಕೋಳಿ ಹಿಡಿದು ತಂದು, ಕೆನ್ನೆಯ ಪುಕ್ಕ ಊದಿ, ತೂತು ತೋರಿಸಿದೆ. ಮುಖ ಹಿಂದೆ ಸರಿಸಿ, ಕಣ್ಣು ಮಾತ್ರ ಮುಂದೆ ತಂದು ನೋಡಿದರು. "ಖರೇನ ಐತಲ್ಲ," ಅಂದರು. ಆಮೇಲೆ ಬಸ್ ಸ್ಟ್ಯಾಂಡಿನ ಕಡೆ ನಡೆದರು. ಮನೆಯಲ್ಲಿ ಮಗಳಿಗೆ ಏನು ಅಂದರೋ ತಿಳಿಯದು. ಅಕ್ಕೋರು ಬರುವುದು ನಿಲ್ಲಲಿಲ್ಲ.

ಕಿವಿಯ ಸಂಗತಿಯನ್ನು ಅವರು ನನಗೆ ಹೇಳಿದ್ದು ಚಹ ಕುಡಿಯುತ್ತ, ಬಿಟ್ಟು ಬಿಟ್ಟು. ಕಿವಿಯ ಬಹಳ ಒಳಗೆ, ಎಲುಬಿನ ಗೂಡಿನಲ್ಲಿ ನೀರು ಇರುತ್ತದಂತೆ. ಆ ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲುಗಳು, ಸಾಲು ಸಾಲು. ಸದ್ದು ಬಂದರೆ ನೀರು ಅಲುಗುತ್ತದೆ, ಕೂದಲು ಬಾಗುತ್ತವೆ. "ಜ್ವಾಳದ ಹೊಲದ ಮ್ಯಾಲೆ ಗಾಳಿ ಹಾದ್ರ ಹೆಂಗ ಬಾಗತಾವ, ಹಂಗ." ಬಾಗಿದಾಗ ಕೂದಲ ತುದಿಯಲ್ಲಿ ಬಾಗಿಲಿನಂಥದ್ದು ತೆರೆದು ನೀರಿನ ಉಪ್ಪು ಒಳಗೆ ನುಗ್ಗುತ್ತದೆ. ನುಗ್ಗಿದರೆ ಕರೆಂಟು ಹುಟ್ಟುತ್ತದೆ. ಆ ಕರೆಂಟು ಮಿದುಳಿಗೆ ಮುಟ್ಟಿದರೆ ನಮಗೆ ಕೇಳಿಸಿತು ಅಂತ.

"ಕೋಳಿ ಮೈಯಾಗ ಕರೆಂಟ ಇದ್ರ ಇಷ್ಟೊತ್ತಿಗೆ ನನಗ ಹೊಡೀಬೇಕಿತ್ತಲ್ಲ," ಅಂದೆ.

"ಭಾಳ ಸಣ್ಣದರಿ. ಅದನ್ನ ಅಳತಿ ಮಾಡೂದ ನನ್ನ ಕೆಲಸ."

ಅವರು ತಮ್ಮ ಕಿವಿಯನ್ನು ಕಾಯ್ದುಕೊಳ್ಳುತ್ತಿದ್ದ ರೀತಿಗೆ ಓಣಿಯ ಹುಡುಗರು ನಗುತ್ತಿದ್ದರು. ಲಾರಿ ಹಾರ್ನ್ ಹೊಡೆದರೆ ನಿಂತಲ್ಲೇ ಎರಡೂ ಅಂಗೈಯಿಂದ ಕಿವಿ ಒತ್ತಿಕೊಳ್ಳುವುದು. ಗಣಪತಿ ಬಿಡುವಾಗ ಡಿಜೆ ಬಂದರೆ ನನ್ನ ಹಿತ್ತಲಿಗೆ ಓಡುವುದು. ನಾನು ಗಿರಾಕಿಗಳ ಮೇಲೆ ಒದರಿದರೆ ನನ್ನನ್ನೇ ಗದರುವರು. "ಮೆಲ್ಲಕ ಅವ್ವಾ. ಮುರದ್ರ ಮತ್ತ ಬರೂವಲ್ಲ ಅವು."

ಶ್ರಾವಣದಲ್ಲಿ ನನ್ನ ಅಂಗಡಿಗೆ ನೊಣವೂ ಬರುವುದಿಲ್ಲ. ಅಂಥ ಒಂದು ದಿನ ನನ್ನನ್ನು ಧಾರವಾಡಕ್ಕೆ ಕರೆದುಕೊಂಡು ಹೋದರು. ಅವರ ಕೋಣೆಯಲ್ಲಿ ಮೇಜಿನ ಮೇಲೆ ಒಂದು ಕೋಳಿಯನ್ನು ಔಷಧಿ ಕೊಟ್ಟು ಮಲಗಿಸಿದ್ದರು. ಕಿವಿಯೊಳಗೆ ಕೂದಲೆಳೆಯಂಥ ತಂತಿ ಇಟ್ಟಿದ್ದರು. ತಂತಿ ಒಂದು ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಇನ್ನೊಂದು ತಂತಿ ಗೋಡೆಯ ಆಚೆ ಕೋಣೆಯ ಸ್ಪೀಕರಿಗೆ. ನನ್ನನ್ನು ಆಚೆ ಕೋಣೆಯಲ್ಲಿ ಕೂಡಿಸಿ ಬಾಗಿಲು ಹಾಕಿಕೊಂಡು ಹೋದರು. ಸ್ವಲ್ಪ ಹೊತ್ತು ಬರೀ ಗರಗರ. ಆಮೇಲೆ ಸ್ಪೀಕರಿನೊಳಗಿಂದ, ಗಡಿಗೆಯಲ್ಲಿ ಬಾಯಿಟ್ಟು ಮಾತಾಡಿದಂತೆ, ಅಕ್ಕೋರ ದನಿ ಬಂತು.

"ಅವ್ವಾ, ಚಾ ಕುಡದೀರೇನ್ರಿ?"

ಅವರು ಮಾತಾಡಿದ್ದು ಕೋಳಿಯ ಕಿವಿಯಲ್ಲಿ. ಸ್ಪೀಕರಿಗೆ ಬೇರೆ ಮೈಕ್ ಇರಲಿಲ್ಲ. ಕೋಳಿಯ ಕೂದಲು ಬಾಗಿ ಹುಟ್ಟಿದ ಕರೆಂಟನ್ನೇ ಪೆಟ್ಟಿಗೆ ದೊಡ್ಡದು ಮಾಡಿ ನನಗೆ ಕೇಳಿಸಿತು. ಆಮೇಲೆ ನನ್ನ ಪಾಳಿ. ಅಕ್ಕೋರು ಆಚೆ ಹೋದರು, ನಾನು ಕೋಳಿಯ ಕಿವಿಗೆ ಬಾಯಿ ಇಟ್ಟೆ. ಏನು ಹೇಳಬೇಕೋ ತಿಳಿಯಲಿಲ್ಲ. ಅಂಗಡಿಯಲ್ಲಿ ಕೋಳಿ ಹಿಡಿಯುವಾಗ ದಿನಾ ಬಯ್ಯುವ ಬೈಗುಳವೇ ಬಾಯಿಗೆ ಬಂತು. ಗೋಡೆಯಾಚೆ ಅಕ್ಕೋರು ಬಿದ್ದು ಬಿದ್ದು ನಗುವುದು ಕೇಳಿಸಿತು.

ಬಸ್ಸಿನಲ್ಲಿ ಬರುವಾಗ ನನ್ನ ಅಂಗಡಿಯ ಕೋಳಿಗಳ ನೆನಪಾಯಿತು. ಇಷ್ಟು ವರ್ಷ ನಾನು ಬೈದದ್ದೆಲ್ಲ ಅವುಗಳ ಒಳಗೆ ಹೋಗಿತ್ತು. ಅರ್ಥ ಆಗಿರಲಿಕ್ಕಿಲ್ಲ, ಹೋಗಿದ್ದಂತೂ ಖರೆ. ಹಾಗಂತ ಕೊಯ್ಯುವುದನ್ನು ಬಿಡಲಿಲ್ಲ. ಬಿಟ್ಟರೆ ಹೊಟ್ಟೆಗೇನು? ಕೊಯ್ಯುವಾಗ ಬಯ್ಯುವುದನ್ನು ಬಿಟ್ಟೆ.

ಅಕ್ಕೋರ ತಲೆಯಲ್ಲಿದ್ದದ್ದು ಬೇರೆ ಒಂದು ಪ್ರಶ್ನೆ. ಕೆಲವು ಔಷಧಿಗಳು ಈ ಕೂದಲನ್ನು ಸುಟ್ಟುಬಿಡುತ್ತವಂತೆ. ಕೋಳಿಗೆ ಅದನ್ನು ಹಾಕಿದರೆ ಕರೆಂಟು ನಿಲ್ಲುತ್ತದೆ, ಕೋಳಿ ಕಿವುಡಾಗುತ್ತದೆ. ಕೆಲವು ದಿನ ಬಿಟ್ಟರೆ ಅದೇ ಕೋಳಿಗೆ ಹೊಸ ಕೂದಲು ಹುಟ್ಟುತ್ತವೆ.

"ಮನುಷ್ಯಾಗ?" ಅಂತ ಕೇಳಿದೆ.

"ಮನುಷ್ಯಾಗ ಹೋದ್ರ ಹೋತು. ತಾಯಿ ಹೊಟ್ಯಾಗ ಇದ್ದಾಗ ಎಷ್ಟ ಬಂದಾವೋ ಅಷ್ಟ." ಚಹದ ಲೋಟ ಕೆಳಗಿಟ್ಟು ಹೇಳಿದರು. "ಹೊಸಾ ಕೂದಲಾ ಮೊದಲಿನಷ್ಟ ಕರೆಂಟ ಕೊಡತಾವೋ ಇಲ್ಲೋ, ಅದನ್ನ ಮೊದಲ ನೋಡಬೇಕು. ಕೋಳಿ ಹೆಂಗ ಮಾಡತೈತಿ ಅನ್ನೂದು ತಿಳದ್ರ ಒಂದಿನ ಮನುಷ್ಯಾರಿಗೂ ಮಾಡಬಹುದು."

"ಕೋಳೀಗೆ ಕೊಟ್ಟು ನಮಗ ಕೊಡಲಿಲ್ಲಂದ್ರ ದೇವ್ರೂ ತೂಕದಾಗ ಮೋಸಾ ಮಾಡ್ಯಾನ," ಅಂದೆ. ಆ ಮಾತು ಅವರಿಗೆ ಬಹಳ ಸೇರಿತು. ತಮ್ಮ ವಿದ್ಯಾರ್ಥಿಗಳಿಗೂ ಹೇಳಿದರಂತೆ.

ಕೆಮ್ಮು ಹತ್ತಿದ್ದು ಅದಾದ ಮುಂದಿನ ಮಳೆಗಾಲದಲ್ಲಿ. ಧೂಳು ಅಂದರು, ಥಂಡಿ ಅಂದರು. ಸೀರೆಯ ನೆರಿಗೆ ಹೆಚ್ಚಾಗುತ್ತ ಹೋಯಿತು, ಮೈ ಅಷ್ಟು ಇಳಿಯಿತು. ಕಡೆಗೆ ಟಿಬಿ ಎಂದು ಗೊತ್ತಾಯಿತು. ಗುಳಗಿ ನುಂಗಿದರು. ಅದು ಗುಳಗಿಗೆ ಬಗ್ಗದ ಮೊಂಡ ಜಾತಿಯ ಟಿಬಿ.

ಒಂದು ಮುಂಜಾನೆ ಮೂಗು ಬಾಯಿಗೆ ಮಾಸ್ಕ್ ಕಟ್ಟಿಕೊಂಡು ಬಂದರು. ಡಬ್ಬಿ ಇರಲಿಲ್ಲ. ಮೆಟ್ಟಿಲು ಹತ್ತಲಿಲ್ಲ, ನನ್ನನ್ನೂ ಹತ್ತಿರ ಬರಗೊಡಲಿಲ್ಲ. ಅವರ ತಾಯಿ ಅವತ್ತು ನಿಂತಿದ್ದ ಹಾಗೆ ರಸ್ತೆಯ ಆಚೆ ಬದಿಗೇ ನಿಂತು ಹೇಳಿದರು.

"ಅವ್ವಾ, ನಾ ಕೋಳೀಗೆ ಹಾಕ್ತಿದ್ನಲ್ಲ ಔಷಧಿ, ಅದರ ತಂಗೀನ್ನ ಈಗ ನನಗ ಚುಚ್ಚತಾರಂತ. ದಿನಾ ಒಂದು."

"ಬ್ಯಾರೆ ಔಷಧಿ ಇಲ್ಲೇನು?"

"ಸದ್ಯಕ್ಕ ಇದ ಐತಿ. ಡಾಕ್ಟರದೇನ ತಪ್ಪಿಲ್ಲ. ಎಲ್ಲಾರ ಕಿವಿ ಹೋಗೂದಿಲ್ಲ ಅಂತ ಧೈರ್ಯಾ ಹೇಳಿದ್ರು. ಎಷ್ಟ ಮಂದೀದು ಹೋಗತೈತಿ ಅನ್ನೂದು ನನಗೂ ಗೊತ್ತು."

"ಚುಚ್ಚಿಸಿಕೊಳ್ಳದಿದ್ರ?"

ಅವರು ಕೈಯನ್ನು ಮಣ್ಣು ಹಾಕುವವರಂತೆ ಅಲ್ಲಾಡಿಸಿದರು.

"ಹಂಗಾರ ಇದ್ರಾಗ ವಿಚಾರ ಮಾಡೂದು ಏನೈತಿ?" ಅಂದೆ. "ಕಿವಿ ಹೋದ್ರ ಹೋಗವಲ್ದ್ಯಾಕ. ಜೀವ ಇರ್ಲಿ. ನಾಳಿಂದನ ಚುಚ್ಚಿಸಿಕೊಳ್ರಿ."

ಮಾಸ್ಕಿನ ಮೇಲೆ ಕಣ್ಣು ಮಾತ್ರ ನಕ್ಕವು. "ನೀವು ಹಿಂಗ ಅಂತೀರಿ ಅಂತ ಗೊತ್ತಿತ್ತು. ಅದಕ್ಕ ನಮ್ಮವ್ವನ ಹಂತೇಕ ಹೋಗೂಕಿಂತ ಮೊದಲ ಇಲ್ಲಿಗೆ ಬಂದೆ."

ಸೂಜಿ ಶುರುವಾಯಿತು. ಕೂಡುವಾಗ ಒಂದು ಮಗ್ಗಲಿಗೆ ವಾಲಿ ಕೂಡುವಷ್ಟು ಸೂಜಿ. ರೋಗ ಈಗ ಬೇರೆಯವರಿಗೆ ಅಂಟುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಮತ್ತೆ ಕೆಲಸಕ್ಕೂ ಹೋದರು, ಅಂಗಡಿಗೂ ಬಂದರು. ಕೋಳಿಯ ಕಿವಿಗೆ ತಂತಿ ಇಡುತ್ತಿದ್ದ ಹೆಂಗಸು ಈಗ ತಮ್ಮ ಕಿವಿಯೊಳಗೇ ತೆಳ್ಳನೆಯ ತಂತಿ ಇಟ್ಟುಕೊಂಡು, ಟಕ್ ಟಕ್ ಸದ್ದು ಬಿಟ್ಟುಕೊಂಡು, ತಮ್ಮ ಕೂದಲು ಎಷ್ಟು ಕರೆಂಟು ಕೊಡುತ್ತವೆ ಎಂದು ನೋಡಿಕೊಳ್ಳುತ್ತಿದ್ದರು. ಪೆಟ್ಟಿಗೆಯ ಪರದೆಯ ಮೇಲೆ ಆ ಕರೆಂಟಿನ ಗೆರೆ ವಾರವಾರಕ್ಕೆ ತಗ್ಗುತ್ತಿದೆ ಎಂದು, ಹಾಲಿನವನು ನೀರು ಹಾಕುತ್ತಾನೆ ಅನ್ನುವ ಹಾಗೆ ಹೇಳುತ್ತಿದ್ದರು.

"ಮೊದಲ ಸಣ್ಣ ದನಿ ಹೋಗತಾವ ಅವ್ವಾ. ಪಿಳ್ಳಿ ಚಿಂವ್‌ಗುಟ್ಟೂದು, ಬಳಿ ಸಪ್ಪಳಾ. ದಪ್ಪ ದನಿ ಕಡೀಗೆ. ನೀವು ಚಿಂತಿ ಮಾಡಬ್ಯಾಡ್ರಿ, ನಿಮ್ಮ ದನಿ ಎಲ್ಲಾರಕಿಂತ ಕಡೀಗೆ ಹೋಗತೈತಿ."

ಹಿತ್ತಲಲ್ಲಿ ನನ್ನದೊಂದು ಜವಾರಿ ಹೇಂಟೆ ಮರಿ ಮಾಡಿತ್ತು. ಅಕ್ಕೋರು ಬಂದಾಗಲೆಲ್ಲ ಮೊದಲು ಆ ಬುಟ್ಟಿಯ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತು ಕೇಳುತ್ತಿದ್ದರು. ಒಂದು ದಿನ ಹಾಗೇ ಕೂತವರು ತಲೆ ಎತ್ತಿ ಅಂದರು.

"ಇವತ್ತ ಸುಮ್ನ ಅದಾವಲ್ಲರಿ ಪಿಳ್ಳಿ."

ಕಾಗೆ ಬಂದಿತ್ತು. ಮರಿಗಳು ಓಣಿಗೆಲ್ಲ ಕೇಳುವಂತೆ ಬಾಯಿ ಮಾಡುತ್ತಿದ್ದವು. ನಾನು ಯಾರ ಮುಲಾಜಿಗೂ ಮಾತು ತಿರುಗಿಸುವವಳಲ್ಲ. ಅವತ್ತು ತಿರುಗಿಸಿದೆ.

"ಹೂಂ. ಹೊಟ್ಟಿ ತುಂಬೈತಿ ಅವಕ್ಕ," ಅಂದೆ.

ಅವರು ಮತ್ತೆ ಬುಟ್ಟಿಯ ಕಡೆ ನೋಡಿದರು. ಬಹಳ ಹೊತ್ತು ನೋಡಿದರು.

"ಬಾಯಿ ತಗದಾವಲ್ಲ ಅವ್ವಾ."

ನಾನು ಕಾಗೆಗೆ ಕಲ್ಲು ಹೊಡೆಯಲು ಹೋದೆ.

ಮರುವರ್ಷದ ಗಣಪತಿ ಹೊತ್ತಿಗೆ ನನ್ನ ದನಿಯೂ ಹೋಗಿತ್ತು. ಡಿಜೆಯ ಗಾಡಿ ಅಂಗಡಿಯ ಮುಂದೆಯೇ ನಿಂತು, ಗೂಡಿನ ಲೋಟಗಳು ಕುಣಿದು ಕೆಳಗೆ ಬಿದ್ದವು. ಅಕ್ಕೋರು ಎರಡೂ ಕೈ ಕೆಳಗೆ ಬಿಟ್ಟು ಬಾಗಿಲಲ್ಲಿ ನಿಂತು ಹುಡುಗರು ಕುಣಿಯುವುದನ್ನು ನೋಡುತ್ತಿದ್ದರು. ಯಾವ ಹುಡುಗನೂ ನಗಲಿಲ್ಲ.

ತುಟಿ ನೋಡಿ ಮಾತು ಹಿಡಿಯಲು ಕಲಿಯತೊಡಗಿದರು. ನನ್ನದು ಹಿಡಿಯಲಾಗಲಿಲ್ಲ. "ನಿಮ್ಮ ಬಾಯಾಗ ಯಾವಾಗಲೂ ಎಲಿ-ಅಡಕಿ. ಮಾತು ಯಾವುದು, ಅಗಿಯೂದು ಯಾವುದು, ತಿಳಿಯೂದಿಲ್ಲ." ಎಲೆ ಬಿಡುವುದು ನನ್ನಿಂದಾಗದು. ಪೇಟೆಗೆ ಹೋಗಿ ಪಾಟಿ, ಬಳಪ ತಂದೆ. ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳು, ಒತ್ತಕ್ಷರ ಮರೆತುಹೋಗಿದ್ದವು. ಗಿರಾಕಿ ಇಲ್ಲದಾಗ ಕೂತು ತಿದ್ದಿದೆ. ಅಕ್ಕೋರಿಗೆ ನಾನು ಮೊದಲು ಬರೆದದ್ದು 'ಚಾ'. ಅವರು ಕುಡಿದು, ಪಾಟಿ ಇಸಿದುಕೊಂಡು, ಕೆಳಗೆ ಮಾಸ್ತರರ ಹಾಗೆ ಸರಿ ಗುರುತು ಹಾಕಿದರು.

ನನಗೆ ಅಕ್ಷರ ತಿರುಗಿ ಬಂದದ್ದು ಹೀಗೆ. ಅವರ ಕಿವಿ ಹೋದದ್ದಕ್ಕೆ ಬಂತು. ಇಂಥ ಗಳಿಕೆ ಯಾರಿಗೂ ಬೇಡ.

ಒಂದು ಮಧ್ಯಾಹ್ನ ಓಡುತ್ತ ಬಂದರು. ಓಡಿದರೆ ಉಸಿರು ಸಿಗುವುದಿಲ್ಲ, ಆದರೂ ಓಡಿ ಬಂದಿದ್ದರು. ತಮ್ಮ ದನಿ ತಮಗೆ ಕೇಳದೆ, ಎಷ್ಟು ಜೋರು ಅನ್ನುವುದು ಅವರಿಗೆ ಗೊತ್ತಾಗುತ್ತಿರಲಿಲ್ಲ. ಅಂಗಡಿಯ ನಡುವೆ ನಿಂತು ಕೂಗಿದರು. "ಕೊಡತಾವ ಅವ್ವಾ! ಹೊಸಾ ಕೂದಲಾ ಕರೆಂಟ ಕೊಡತಾವ! ಮೊದಲಿನಷ್ಟ ಕೊಡತಾವ!"

ಓಣಿಯವರೆಲ್ಲ ಹೊರಗೆ ಬಂದು ನೋಡಿದರು. ಕಿವುಡಾಗಿದ್ದ ಕೋಳಿಗೆ ಮತ್ತೆ ಕೇಳಿಸಿತ್ತು. ನಾನು ಪಾಟಿಯ ಮೇಲೆ 'ನಿಮಗ?' ಎಂದು ಬರೆದು ಹಿಡಿದೆ. ನನ್ನ ಬುದ್ಧಿಯೇ ಹಾಗೆ. ಅವರು ಅದನ್ನು ಓದಿದರು, ಸೆರಗಿನಿಂದ ಒರೆಸಿದರು, ಮತ್ತೆ ನಗುತ್ತ ಅಂದರು: "ಕೋಳೀದು ಹೇಳಾಕತ್ತೇನಿ, ಕೋಳೀದು ಕೇಳ್ರಿ."

ಸೂಜಿ ಕಿವಿ ತಿಂದಿತು, ರೋಗವನ್ನು ತಿನ್ನಲಿಲ್ಲ. ಸ್ವಲ್ಪ ದಿನ ಅಡಗಿ ಕೂತಿದ್ದು ಮತ್ತೆ ಎದ್ದಿತು. ಇಷ್ಟು ವರ್ಷದ ಮೇಲೆ ಈಗ ಸೂಜಿ ಇಲ್ಲದೆ ಬರೀ ಹೊಸ ಗುಳಗಿಯಲ್ಲೇ ಆ ಮೊಂಡ ಟಿಬಿ ವಾಸಿ ಮಾಡುತ್ತಾರಂತೆ. ನಮ್ಮ ಓಣಿಯಲ್ಲೇ ಒಬ್ಬ ವಾಸಿಯಾಗಿ, ಬೀಡಿ ಸೇದಿಕೊಂಡು, ಸಂಜೆಗೆ ರೇಡಿಯೋ ಹಚ್ಚಿಕೊಂಡು ಕೂಡುತ್ತಾನೆ. ಅವನನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಪಾಪ, ಅವನೇನು ಮಾಡಿದ?

ನಾನು ಆಸ್ಪತ್ರೆಗೆ ನೋಡಲು ಹೋದಾಗ ಅಕ್ಕೋರಿಗೆ ತಲೆ ಎತ್ತಿ ಪಾಟಿ ನೋಡುವ ತ್ರಾಣವೂ ಇರಲಿಲ್ಲ. ಅವರ ಅಂಗೈ ಹಿಡಿದು ಬೆರಳಿನಿಂದ ಬರೆದೆ. ಒಂದೊಂದೇ ಅಕ್ಷರ. 'ಉಂಡೀರೇನು' ಎಂದು ಬರೆದರೆ "ಗಂಜಿ" ಅಂದರು. ತಾಯಿ ಮಂಚದ ಆ ಕಡೆ ಕೂತು ನನ್ನ ಬೆರಳನ್ನೇ ನೋಡುತ್ತಿದ್ದರು. ಅವರಿಗೆ ಓದು ಬರಹ ಇರಲಿಲ್ಲ. ನಾನು ಏಳುವಾಗ ಅಕ್ಕೋರು ನನ್ನ ಕೈ ಬಿಡದೆ ಅಂದರು. "ನೀವು ಹೇಳಿದ್ರಂತ ನಾ ಸೂಜಿ ತಗೊಂಡಿಲ್ಲ ಅವ್ವಾ. ಹಂಗ ತಿಳಕೋಬ್ಯಾಡ್ರಿ. ನನಗ ಬದುಕಬೇಕಿತ್ತು." ದನಿ ಒಂದು ಕಡೆ ಏರಿ ಒಂದು ಕಡೆ ಕುಸಿಯುತ್ತಿತ್ತು. ಆ ದನಿಯನ್ನು ಕೇಳುವ ಪಾಳಿ ನಮಗೆ ಮಾತ್ರ ಉಳಿದಿತ್ತು.

ಮನೆಗೆ ಕರೆತಂದ ಮೂರನೆಯ ದಿನ ತಾಯಿ ಆಳು ಕಳಿಸಿದರು. ಅಂಗಡಿ ಮುಚ್ಚಿ, ತಲೆ ಮೇಲೆ ನೀರು ಹಾಕಿಕೊಂಡು, ತೊಳೆದ ಸೀರೆ ಉಟ್ಟು ಹೋದೆ. ಎಷ್ಟು ತೊಳೆದರೂ ಕೈಗೆ ವಾಸನೆ ಇದ್ದೇ ಇರುತ್ತದೆ. ಹೊಸ್ತಿಲ ಹೊರಗೆ ನಿಂತೆ. ತಾಯಿ ಬಂದು ತೋಳು ಹಿಡಿದು ಒಳಗೆ ಎಳೆದುಕೊಂಡರು.

ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ಹಾಸಿಗೆಯ ಮೇಲೆ ಬಿದ್ದಿತ್ತು. ಅಕ್ಕೋರು ಕಣ್ಣು ಮುಚ್ಚಿದ್ದರು. ಉಸಿರು ಬಿಟ್ಟು ಬಿಟ್ಟು ಬರುತ್ತಿತ್ತು. ಮಠದ ಅಯ್ಯನವರು ಒಂದು ಕಡೆ, ಸೋದರಮಾವ ಒಂದು ಕಡೆ ಬಾಗಿ, ಕಿವಿಗೆ ಬಾಯಿ ಹಚ್ಚಿ ಶಿವಮಂತ್ರ ಹೇಳುತ್ತಿದ್ದರು. ಹೋಗುವ ಜೀವದ ಕಿವಿಯಲ್ಲಿ ಅದು ಬೀಳಬೇಕು. ಕೇಳದೆ ಹೋದರೆ ಹೋದ ಜೀವಕ್ಕೆ ದಾರಿ ಇಲ್ಲ ಎಂದು ತಾಯಿಯ ನಂಬಿಕೆ. ಸೋದರಮಾವನ ದನಿ ಬಿದ್ದುಹೋಗಿತ್ತು.

"ಮುಂಜಾನಿಂದ ಒದರಾಕತ್ತೇವಿ," ತಾಯಿ ನನ್ನ ತೋಳು ಬಿಡದೆ ಕೇಳಿದರು. "ಕಿವಿ ಸಂಗತಿ ನಿಮಗ ಗೊತ್ತೈತಿ. ಖರೇ ಹೇಳ್ರಿ. ಆಕೀಗೆ ಕೇಳತೈತೇನ್ರಿ?"

ಎಲ್ಲರೂ ನನ್ನ ಕಡೆ ನೋಡಿದರು. ಮರಿಗಳ ಬುಟ್ಟಿಯ ಮುಂದೆ ಹೇಳಿದಂಥ ಮಾತನ್ನು ಎರಡನೇ ಸಲ ಹೇಳಲು ನನ್ನಿಂದ ಆಗಲಿಲ್ಲ.

"ಇಲ್ಲರಿ," ಅಂದೆ.

ಅಯ್ಯನವರು ಮಂತ್ರ ನಿಲ್ಲಿಸಿ ನೆಟ್ಟಗೆ ಕೂತರು. ತಾಯಿ ಅಳಲಿಲ್ಲ. ಮಗಳ ಬಲಗೈ ಎತ್ತಿ, ಅಂಗೈ ಬಿಡಿಸಿ, ನನ್ನ ಮುಂದೆ ಹಿಡಿದರು.

"ಬರೀರಿ."

"ಅಯ್ಯನವ್ರು ಅದಾರಲ್ಲರಿ. ಇದು ಕೋಳಿ ಕೊಯ್ಯೂ ಕೈ."

"ಇರ್ಲಿ. ಆಕಿ ಓದಿದ್ದು ನಿಮ್ಮ ಕೈ. ಬರೀರಿ."

ನೆಲದ ಮೇಲೆ ಕೂತು ಆ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಬೆರಳ ತುದಿಗಳು ಆಗಲೇ ತಣ್ಣಗಿದ್ದವು, ನಡು ಅಂಗೈ ಇನ್ನೂ ಬೆಚ್ಚಗಿತ್ತು. ನ ಬರೆದೆ. ಕೈ ಸುಮ್ಮನಿತ್ತು. ಮ ಬರೆದು ಮುಂದಿನ ಎರಡು ಚುಕ್ಕಿಗಳನ್ನು ಒತ್ತಿ ಇಟ್ಟೆ. ಬೆರಳುಗಳು ಮೆಲ್ಲಗೆ ಮಡಚಿ ನನ್ನ ಬೆರಳನ್ನು ಹಿಡಿದವು. ತಾಯಿ ಅದನ್ನು ನೋಡಿ "ಕೇಳಿತು, ಕೇಳಿತು" ಅಂದರು. ಹಿಡಿದ ಬೆರಳನ್ನು ಬಿಡಿಸಿಕೊಂಡು ಶಿ ಬರೆದೆ. ವಾ ಬರೆಯುವಾಗ ಮಡಚಿದ್ದ ಬೆರಳುಗಳು ತಾವಾಗಿ ಬಿಚ್ಚಿಕೊಂಡವು. ಸತ್ತ ಮೈಯ ಸಡಿಲು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತಾಯಿ ಇನ್ನೂ ನನ್ನ ಬೆರಳನ್ನೇ ನೋಡುತ್ತಿದ್ದರು.

ಯ ಬರೆದೆ. ಬರೆದು ಮುಗಿಸಿದ ಮೇಲೆ ತಲೆ ಎತ್ತಿ ತಾಯಿಯ ಮುಖ ನೋಡಿದೆ.